ಯುದ್ಧಕಾಲದ ವಿಮಾನನೆಲೆ ಮತ್ತು ಸ್ಥಳನಿರ್ಣಯದ ಒಗಟು

ಅಕ್ಷಾಂಶ ರೇಖಾಂಶಗಳ ನೆರವಿನಿಂದ ಬಚ್ಚಿಟ್ಟ ಪೆಟ್ಟಿಗೆಯೊಂದನ್ನು ಹುಡುಕುವ 'ಜಿಯೋಕ್ಯಾಶಿಂಗ್' ಎಂಬ ಆಟವು 2000ನೆಯ ಇಸವಿಯ ಮೇ ತಿಂಗಳಿನಲ್ಲಿ ಅಮೆರಿಕದ ಆರೆಗಾನ್ ಪ್ರಾಂತದಲ್ಲಿ ಹುಟ್ಟಿತು. ಉಪಗ್ರಹಗಳ ಸ್ಥಳಸೂಚಕ ಸಂಕೇತಗಳಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ ಸರ್ಕಾರವು ಆ ತಿಂಗಳ ಮೊದಲಲ್ಲಿ ತೆಗೆದುಹಾಕಿದುದೇ ಇದಕ್ಕೆ ಕಾರಣ. ಈ ಆಟದ ಒಂದು ಪ್ರಭೇದದಲ್ಲಿ ಪೆಟ್ಟಿಗೆಯಿರುವ ಸ್ಥಳವನ್ನು ನೇರವಾಗಿ ತಿಳಿಸುವುದಿಲ್ಲ; ಒಗಟನ್ನು ಬಿಡಿಸಿದವರಿಗೆ ಮಾತ್ರ ಅದರ ಅಂಕಿಗಳು ದೊರೆಯುತ್ತವೆ. ಎರಡನೆಯ ಮಹಾಯುದ್ಧದ ವಿಮಾನನೆಲೆಯೊಂದನ್ನು ವಿಷಯವಾಗಿಟ್ಟುಕೊಂಡರೆ ಅದರ ಸ್ಥಾಪನೆಯ ಇಸವಿ, ಅಲ್ಲಿದ್ದ ದಳದ ಸಂಖ್ಯೆ ಮೊದಲಾದವುಗಳೇ ಅಕ್ಷಾಂಶದ ಅಂಕಿಗಳಾಗುತ್ತವೆ. ಒಂದು ಇಸವಿ ತಪ್ಪಿದರೆ ಹುಡುಕುವವನು ಬೇರೆ ಯಾರದೋ ಹೊಲದಲ್ಲಿ ಹೋಗಿ ನಿಲ್ಲುತ್ತಾನೆ. ನಮ್ಮ ಗ್ರಂಥಗಳಲ್ಲಿ ತಪ್ಪಿದ ಇಸವಿಗೆ ಇಷ್ಟು ಶೀಘ್ರವಾದ ದಂಡನೆಯಿಲ್ಲ. ಆದುದರಿಂದ ಈ ಆಟವನ್ನು ಇತಿಹಾಸದ ಅಧ್ಯಾಪಕರು ಕೇವಲ ವಿನೋದವೆಂದು ಬದಿಗಿಡಲಾಗದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ವಿದ್ಯಾರ್ಥಿಗೆ ಎಟಕುವ ಉದಾಹರಣೆಯೆಂದರೆ ಬೆಳಗಾವಿಯ ಸಾಂಬ್ರಾ. ಜಪಾನೀಯರು ಬರ್ಮಾ ದೇಶವನ್ನು ಆಕ್ರಮಿಸಿದ 1942ನೆಯ ಇಸವಿಯಲ್ಲಿಯೇ ಬ್ರಿಟಿಷ್ ರಾಜ ವಾಯುಪಡೆಯು ಈ ನೆಲೆಯನ್ನು ಕಟ್ಟಿತು. ತರಬೇತಿಗೂ, ಮುಂದೆ ಆಗ್ನೇಯ ಏಷ್ಯಾದ ಸೇನಾನಾಯಕತ್ವಕ್ಕೆ ಬೆಂಬಲವೀಯಲೂ ಅದು ಬಳಕೆಯಾಯಿತು. ಆಗ ಬೆಳಗಾವಿ, ವಿಜಯಪುರಗಳೆರಡೂ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1961ರ ಡಿಸೆಂಬರಿನಲ್ಲಿ ಗೋವೆಯ ವಿಮೋಚನೆಯ ಕಾಲಕ್ಕೆ ಭಾರತೀಯ ವಾಯುಪಡೆಯ ಹಂಟರ್ ವಿಮಾನಗಳು ಇದೇ ನೆಲೆಯಿಂದ ಹಾರಿದವು. ಪರಕೀಯರ ಸಾಮ್ರಾಜ್ಯರಕ್ಷಣೆಗಾಗಿ ನಿರ್ಮಿತವಾದ ನೆಲವು ಎರಡು ದಶಕಗಳೊಳಗೆ ಇನ್ನೊಂದು ಪರಕೀಯ ಆಳ್ವಿಕೆಯನ್ನು ಕೊನೆಗಾಣಿಸುವುದಕ್ಕೆ ಸಾಧನವಾದುದು ಗಮನಾರ್ಹ.

ಬೆಂಗಳೂರಿನ ವಿಷಯದಲ್ಲಿ ಒಗಟು ಇನ್ನೂ ಜಟಿಲವಾಗಿದೆ. ವಾಲಚಂದ ಹೀರಾಚಂದರು ಮೈಸೂರು ಸಂಸ್ಥಾನದ ಸಹಕಾರದಿಂದ 1940ರ ಡಿಸೆಂಬರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. 1942ರಲ್ಲಿ ಭಾರತ ಸರ್ಕಾರವು ಅವರ ಪಾಲನ್ನು ಕೊಂಡಿತು. 1943ರಲ್ಲಿ ಕಾರ್ಖಾನೆಯ ಆಡಳಿತವು ಅಮೆರಿಕದ ಸೇನಾ ವಾಯುಪಡೆಗೆ ಹೋಗಿ, ಅದು 84ನೆಯ ವಾಯುಡಿಪೋ ಎನಿಸಿತು. ಕ್ಯಾಟಲೀನಾ ಮೊದಲಾದ ವಿಮಾನಗಳು ಅಲ್ಲಿ ದುರಸ್ತಿಗೊಂಡವು. 1964ರ ಅಕ್ಟೋಬರಿನಲ್ಲಿ ಬೇರೊಂದು ಸಂಸ್ಥೆಯೊಡನೆ ವಿಲೀನವಾಗಿ ಹಿಂದೂಸ್ಥಾನ್ ಏರೋನಾಟಿಕ್ಸ್ ಉದಯಿಸಿತು. ಎರಡಕ್ಕೂ 'ಎಚ್.ಎ.ಎಲ್.' ಎಂಬುದೇ ಹ್ರಸ್ವನಾಮ. 'ಎಚ್.ಎ.ಎಲ್. ಎಂದು ಸ್ಥಾಪಿತವಾಯಿತು?' ಎಂದು ಕೇಳಿದರೆ 1940 ಎಂದೂ 1964 ಎಂದೂ ಉತ್ತರ ಹೇಳಬಹುದು, ಎರಡೂ ತಪ್ಪಲ್ಲ. ದೋಷವಿರುವುದು ಉತ್ತರದಲ್ಲಿ ಅಲ್ಲ, ಪ್ರಶ್ನೆಯಲ್ಲಿ. ಪರೀಕ್ಷಾಪತ್ರಿಕೆಗಳನ್ನು ಸಿದ್ಧಪಡಿಸುವ ನಾವು ಇದನ್ನು ಮನಗಾಣುವುದು ಒಳ್ಳೆಯದು.

ಹೆಸರು ಒಂದಾಗಿ ನೆಲೆ ಬೇರೆಯಾದ ಪ್ರಸಂಗಕ್ಕೆ ನಮ್ಮ ಸೀಮೆಯಲ್ಲಿಯೇ ನಿದರ್ಶನವಿದೆ. 1565ರ ಮಹಾಯುದ್ಧಕ್ಕೆ ತಾಳಿಕೋಟೆಯ ಹೆಸರು ರೂಢವಾಗಿದೆ. ಆದರೆ ಹಿಂದೆ ಮುದ್ದೇಬಿಹಾಳ ತಾಲೂಕಿಗೆ ಸೇರಿದ್ದ ಆ ಊರು ಕೃಷ್ಣಾನದಿಯ ಉತ್ತರಕ್ಕೆ ದೂರದಲ್ಲಿದೆ. ರಕ್ಕಸಗಿ, ತಂಗಡಗಿಗಳ ಹೆಸರನ್ನು ಜೋಡಿಸಿ ರಕ್ಕಸ-ತಂಗಡಿ ಎನ್ನುವವರಿದ್ದಾರೆ. ರಣರಂಗವನ್ನು ನದಿಯ ದಕ್ಷಿಣಕ್ಕೆ, ಬನ್ನಿಹಟ್ಟಿಯ ಕಡೆಗೆ ಸರಿಸುವವರೂ ಇದ್ದಾರೆ. ತಾಳಿಕೋಟೆಯ ಅಕ್ಷಾಂಶವನ್ನೇ ನಂಬಿ ಹೊರಟವನಿಗೆ ರಣರಂಗವು ಸಿಕ್ಕಲಾರದು.

ಇಂತಹ ಅಭ್ಯಾಸವನ್ನು ವಿದ್ಯಾರ್ಥಿಗಳಿಂದ ಮಾಡಿಸುವಾಗ ಕೆಲವು ಮರ್ಯಾದೆಗಳನ್ನು ಪಾಲಿಸಬೇಕು. ಸಾಂಬ್ರಾ ಇಂದಿಗೂ ವಾಯುಪಡೆಯ ನೆಲೆ. ಅದರ ಆವರಣದಲ್ಲಿ ಏನನ್ನೂ ಬಚ್ಚಿಡಲಾಗದು. ರಕ್ಷಿತ ಸ್ಮಾರಕಗಳಲ್ಲಿ ನೆಲವನ್ನು ಅಗೆಯುವುದೂ ಸಲ್ಲದು. ಒಗಟಿನ ಅನುಕೂಲವೆಂದರೆ, ವಿಷಯವು ವಿಮಾನನೆಲೆಯದಾದರೂ ಪೆಟ್ಟಿಗೆಯನ್ನು ಕಾಲೇಜಿನ ಅಂಗಳದಲ್ಲಿಯೇ ಇಡಬಹುದು.

ಆದರೆ ಈ ವಿಧಾನದ ನಿಜವಾದ ಅಗತ್ಯವು ಬೇರೆಡೆಯಲ್ಲಿದೆ. ವಿಮಾನನೆಲೆಗಳಿಗೆ ಸೇನೆಯ ದಾಖಲೆಗಳುಂಟು. ಆಲಮಟ್ಟಿ, ನಾರಾಯಣಪುರ ಜಲಾಶಯಗಳಲ್ಲಿ ಮುಳುಗಡೆಯಾದ ಬಾಗೇವಾಡಿ, ಮುದ್ದೇಬಿಹಾಳ ಸೀಮೆಯ ಊರುಗಳ ಗುಡಿ, ಬಾವಿ, ಅಗಸೆಗಳು ಎಲ್ಲಿದ್ದವೆಂಬುದನ್ನು ಕೈಮಾಡಿ ತೋರಿಸಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಪುನರ್ವಸತಿಯ ಊರಿಗೂ ಹಳೆಯ ಹೆಸರೇ ಉಳಿದಿರುವಲ್ಲಿ, ಹೆಸರು ಒಂದು ನೆಲೆ ಎರಡು ಎಂಬ ತಾಳಿಕೋಟೆಯ ಗೊಂದಲವೇ ಮುಂದಿನ ಸಂಶೋಧಕರನ್ನು ಕಾಡುವುದು. ಹಳೆಯ ಭೂಮಾಪನ ನಕ್ಷೆಯನ್ನೂ ಹಿರಿಯರ ಹೇಳಿಕೆಯನ್ನೂ ಎದುರುಬದುರಿಗಿಟ್ಟು, ಒಂದೊಂದು ಸ್ಥಳಕ್ಕೂ ಅಕ್ಷಾಂಶ ರೇಖಾಂಶಗಳನ್ನು ನಿರ್ಣಯಿಸಿ ಬರೆದಿಡುವ ಕಾರ್ಯವನ್ನು ಈ ನಾಲ್ಕೂ ಊರುಗಳ ಕಾಲೇಜುಗಳು ವಿಳಂಬವಿಲ್ಲದೆ ಕೈಕೊಳ್ಳಬೇಕೆಂದು ನಾವು ಭಾವಿಸುತ್ತೇವೆ.