ಓಲೆಯ ಕಟ್ಟಿನಿಂದ ಮಿಂಚಂಚೆಯವರೆಗೆ

ಕ್ಯಾತ್ಸಂದ್ರದಿಂದ ತುಮಕೂರಿಗೆ ಹೋಗಿ ಅಲ್ಲಿಂದ ಕುಣಿಗಲ್ ದಾರಿಯನ್ನು ಹಿಡಿದವರಿಗೆ ಮೊದಲು ಗೂಳೂರೂ, ಬಹುದೂರ ಸಾಗಿ ಕುಣಿಗಲ್ಲನ್ನು ದಾಟಿದ ಮೇಲೆ ಎಡೆಯೂರೂ ಎದುರಾಗುತ್ತವೆ. ಗೂಳೂರೆಂದೊಡನೆ ಜನರಿಗೆ ನೆನಪಾಗುವುದು ಅಲ್ಲಿಯ ದೊಡ್ಡ ಮಣ್ಣಿನ ಗಣಪತಿ. ಆದರೆ ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳ ಪರಂಪರೆಯಲ್ಲಿ ನಿಂತು, ಹಿಂದಿನವರು ಸಂಕಲಿಸಿದ್ದ ಶೂನ್ಯಸಂಪಾದನೆಯೆಂಬ ವಚನಗ್ರಂಥವನ್ನು 16ನೆಯ ಶತಮಾನದಲ್ಲಿ ಮತ್ತೊಮ್ಮೆ ಪರಿಷ್ಕರಿಸಿ ಹೊಸದಾಗಿ ಅಣಿಗೊಳಿಸಿದ ಸಿದ್ಧವೀರಣಾರ್ಯರೂ ಗೂಳೂರಿನ ಹೆಸರನ್ನೇ ಹೊತ್ತವರು. ನೆರೆಯ ಗುಬ್ಬಿಯ ಮಲ್ಲಣಾರ್ಯನು ಭಾವಚಿಂತಾರತ್ನವನ್ನು ರಚಿಸಿದ್ದು 1513ರಲ್ಲಿ. ಕೃತಿಯೊಂದನ್ನು ಸಿದ್ಧಪಡಿಸಿ ಪರರ ಕೈಗೆ ಒಪ್ಪಿಸುವ ಕಾರ್ಯ ನಮ್ಮ ಸೀಮೆಗೆ ಇಷ್ಟು ಹಳೆಯದು.

ಆಗ ಪ್ರಕಾಶಕನೆಂಬವನಿರಲಿಲ್ಲ, ಲಿಪಿಕಾರನೇ ಪ್ರಕಾಶಕ. ಹದಮಾಡಿದ ತಾಳೆಗರಿಯ ಮೇಲೆ ಕಂಟವೆಂಬ ಲೋಹದ ಲೇಖನಿಯಿಂದ ಕೊರೆದು, ಗೆರೆಗಳಿಗೆ ಮಸಿ ಸವರಿ, ರಂಧ್ರದಲ್ಲಿ ದಾರ ಪೋಣಿಸಿ, ಮೇಲೆ ಕೆಳಗೆ ಹಲಗೆಯಿಟ್ಟು ಕಟ್ಟಿದರೆ ಗ್ರಂಥವು ಸಿದ್ಧವಾಯಿತು. ಓಲೆಯ ಬರಹದಲ್ಲಿ ಎಕಾರ ಒಕಾರಗಳ ಹ್ರಸ್ವದೀರ್ಘಗಳಿಗೆ ಭೇದವಿಲ್ಲ, ಪದಗಳ ನಡುವೆ ತೆರಪಿಲ್ಲ. ಹೀಗಾಗಿ ಪ್ರತಿಯಿಂದ ಪ್ರತಿಗೆ ಪಾಠವು ಜಾರುತ್ತಲೇ ಹೋಯಿತು. ಹಾಗೆ ಜಾರಿದ ಪಾಠವನ್ನು ಮರಳಿ ನೆಲೆಗೆ ತರುವ ವಿದ್ಯೆಯನ್ನು ಡಿ. ಎಲ್. ನರಸಿಂಹಾಚಾರ್ಯರು 1964ರ ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ನಿರೂಪಿಸಿದ್ದಾರೆ, ಬರೆಯುವ ಪ್ರತಿಯೊಬ್ಬರೂ ಒಮ್ಮೆಯಾದರೂ ಅದನ್ನು ಓದಬೇಕೆಂದು ನಾನು ಹೇಳುವೆನು.

ಮುದ್ರಣವು ಬಂದ ಮೇಲೆ ಲಿಪಿಕಾರನ ಸ್ಥಾನವನ್ನು ಅಚ್ಚುಮೊಳೆ ಜೋಡಿಸುವವನು ಪಡೆದನು. ವಚನಗಳ ಓಲೆಗಳನ್ನು ಊರೂರು ಅಲೆದು ಕೂಡಿಹಾಕಿದ ಫ. ಗು. ಹಳಕಟ್ಟಿಯವರು ಅವುಗಳ ಪ್ರಕಟಣೆಗಾಗಿಯೇ ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ನಡೆಸಬೇಕಾಯಿತೆಂಬುದನ್ನು ನೆನೆದರೆ, ಹಸ್ತಪ್ರತಿಗೂ ಅಚ್ಚಿಗೂ ನಡುವಣ ದಾರಿ ಎಷ್ಟು ದುರ್ಗಮವಾಗಿತ್ತೆಂಬುದು ತಿಳಿಯುತ್ತದೆ. ಆ ಕಾಲದಲ್ಲಿ ಹಾಳೆಯ ಒಂದೇ ಮಗ್ಗುಲಿಗೆ ಅಂಚು ಬಿಟ್ಟು ಬರೆದ ಪ್ರತಿಯನ್ನು ಲೇಖಕನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸುವನು. ಅಕ್ಷರಕ್ಕೊಂದು, ಒತ್ತಿಗೊಂದು ಮೊಳೆಯನ್ನು ಪೆಟ್ಟಿಗೆಯ ಮನೆಗಳಿಂದ ಆಯ್ದು ಕೂಡಿಸುವರು. ಕರಡು ಬರುವುದು, ತಿದ್ದಿ ಮರಳಿಸುವುದು. ಈ ಹೋಗಿಬರುವಿಕೆಯಲ್ಲಿ ತಿಂಗಳುಗಳು ಕಳೆದರೂ ಲೇಖಕನ ಕಣ್ಣು ತನ್ನ ಬರಹದ ಮೇಲೆ ಎರಡು ಮೂರು ಬಾರಿ ಆಡುತ್ತಿದ್ದುದು ದೊಡ್ಡ ಲಾಭ.

ಗಣಕಯಂತ್ರದ ಆರಂಭಕಾಲದ ತೊಡಕನ್ನು ಈ ಮೊಳೆಪೆಟ್ಟಿಗೆಯ ದೃಷ್ಟಾಂತದಿಂದಲೇ ತಿಳಿಯಬಹುದು. ಅಂದಿನ ಕನ್ನಡ ಅಕ್ಷರಶೈಲಿಗಳಲ್ಲಿ ತಲೆಕಟ್ಟು, ಕೊಂಬು, ಒತ್ತುಗಳ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕೂರಿಸಿದ್ದರು. ಒಂದೊಂದು ತಂತ್ರಾಂಶವೂ ತನ್ನ ಪೆಟ್ಟಿಗೆಯನ್ನು ತನಗೆ ತೋರಿದಂತೆ ಹಂಚಿಕೊಂಡಿತ್ತು. ಶ್ರೀಲಿಪಿ ಎಂಬ ತಂತ್ರಾಂಶದಲ್ಲಿ ಬೆರಳಚ್ಚಿಸಿದುದು ನುಡಿ ಎಂಬುದರಲ್ಲಿ ತೆರೆಯದು. ತೆರೆದರೂ ಒಡೆದ ಮಡಕೆಯ ಚೂರುಗಳಂತೆ ತೋರುವುದು. ನನ್ನದೇ ಒಂದು ಪ್ರತಿಯನ್ನು ಮೊದಲ ಬಾರಿ ಮಿಂಚಂಚೆಯಲ್ಲಿ ಕಳುಹಿಸಿದಾಗ ಪ್ರಕಾಶಕರ ಕಡೆಯಿಂದ ಬಂದ ಉತ್ತರ ಒಂದೇ ಸಾಲಿನದು: ‘ಕನ್ನಡವೇ ಕಾಣುತ್ತಿಲ್ಲ, ಮುದ್ರಿಸಿ ಕಳುಹಿಸಿರಿ.’ ಆ ಕಟ್ಟನ್ನು ಎತ್ತಿಕೊಂಡು ಕ್ಯಾತ್ಸಂದ್ರದಿಂದ ಬೆಂಗಳೂರಿನ ಬಸ್ಸು ಹತ್ತಿದ ದಿನದ ವ್ಯಥೆ ಇನ್ನೂ ಮರೆತಿಲ್ಲ.

ಈ ಗೊಂದಲದಿಂದ ಹೊರಬರುವ ದಾರಿಯನ್ನು ಕಂಡವರಲ್ಲಿ ಕಿನ್ನಿಕಂಬಳ ಪದ್ಮನಾಭರಾಯರು ಅಗ್ರಗಣ್ಯರು. ಅಕ್ಷರದ ಆಕಾರವನ್ನಲ್ಲ, ಅದರ ಧ್ವನಿಯನ್ನು ಅನುಸರಿಸಿ ಕೀಲಿಗಳನ್ನು ಒತ್ತುವಂತೆ ಅವರು ರೂಪಿಸಿದ ವಿನ್ಯಾಸವೇ ಮುಂದೆ ಸರ್ಕಾರದ ಮನ್ನಣೆ ಪಡೆದು, ಕನ್ನಡ ಗಣಕ ಪರಿಷತ್ತಿನ ನುಡಿಯ ಮೂಲಕ ಕಚೇರಿ ಕಚೇರಿಗೂ ಹಬ್ಬಿತು. ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶವು 1998ರಲ್ಲಿಯೇ ಮನೆಮನೆಯ ಗಣಕಕ್ಕೂ ಕನ್ನಡವನ್ನು ತಂದಿತ್ತು. ಕನ್ನಡದ ಒಂದೊಂದು ಅಕ್ಷರಕ್ಕೂ ಲೋಕಕ್ಕೆಲ್ಲ ಸಮಾನವಾದ ಒಂದೊಂದು ಸಂಖ್ಯೆಯನ್ನು ಯೂನಿಕೋಡ್ 1991ರಲ್ಲಿಯೇ ಗೊತ್ತುಪಡಿಸಿದ್ದರೂ, ಅದು ನಮ್ಮ ಮುದ್ರಣಾಲಯಗಳನ್ನು ಹೊಕ್ಕದ್ದು ಬಹು ತಡವಾಗಿ. ಪುಟ ಕಟ್ಟುವವರ ಅಚ್ಚುಮೆಚ್ಚಿನ ಪೇಜ್‌ಮೇಕರ್ ಆ ಸಂಖ್ಯೆಗಳನ್ನು ಅರಿಯದಾದುದರಿಂದ, ಯೂನಿಕೋಡಿನಲ್ಲಿ ಬಂದ ಪ್ರತಿಯನ್ನು ಹಳೆಯ ನುಡಿಗೆ ಪರಿವರ್ತಿಸಿಕೊಳ್ಳುವ ವಿಪರೀತ ಕ್ರಮವು ಇಂದಿಗೂ ಅಲ್ಲಲ್ಲಿ ಉಳಿದಿದೆ.

ಈ ಪರಿವರ್ತನೆಯಲ್ಲಿಯೇ ಲಿಪಿಕಾರನ ಹಳೆಯ ಸ್ಖಾಲಿತ್ಯಗಳು ಹೊಸ ವೇಷದಲ್ಲಿ ಮರಳುತ್ತವೆ. ಅರ್ಕಾವೊತ್ತು ಸ್ಥಾನಪಲ್ಲಟವಾಗುತ್ತದೆ, ಅನುಸ್ವಾರವಿರಬೇಕಾದೆಡೆ ಸೊನ್ನೆಯ ಅಂಕಿ ಕುಳಿತು, ಕಣ್ಣಿಗೆ ಸರಿಯೆನಿಸಿದರೂ ಹುಡುಕಿದಾಗ ಪದವು ಸಿಕ್ಕದೆ ಹೋಗುತ್ತದೆ. ಸಿದ್ಧವೀರಣಾರ್ಯರ ಓಲೆಯನ್ನು ಪ್ರತಿಮಾಡಿದವನಿಗಾದರೂ ಪ್ರತಿಯೊಂದಕ್ಷರವನ್ನು ತಾನೇ ಕೊರೆಯುವ ಶ್ರಮವಿತ್ತು. ನಮಗೆ ಅದೂ ಇಲ್ಲವಾದುದರಿಂದ ಓದುವ ಶ್ರಮವನ್ನಾದರೂ ಉಳಿಸಿಕೊಳ್ಳಬೇಕಾಗಿದೆ. ಆದಕಾರಣ, ಕೃತಿ ಕಳುಹಿಸಲಿರುವ ಲೇಖಕ ಮಿತ್ರರೇ, ಯೂನಿಕೋಡಿನ ಮೂಲಪ್ರತಿಯ ಜೊತೆಗೆ ಅದರ ಪಿಡಿಎಫ್ ರೂಪವನ್ನೂ ಲಗತ್ತಿಸಿರಿ. ಪುಟ ಕಟ್ಟಿದ ಬಳಿಕ ಕೊನೆಯ ಕರಡನ್ನು ಕೇಳಿ ತರಿಸಿಕೊಂಡು, ಪಿಡಿಎಫನ್ನು ಪಕ್ಕದಲ್ಲಿಟ್ಟುಕೊಂಡು, ಮೊದಲಿನಿಂದ ಕಡೆಯವರೆಗೆ ನೀವೇ ಓದಿರಿ.