ಸೆರಗಿನಡಿಯ ಕಲೆ

ಹೊಟ್ಟೆನೋವು ಬಂದರೆ ಮನೆಯವರಿಗೆಲ್ಲ ಹೇಳಿಕೊಳ್ಳುತ್ತೇವೆ. ಮೈಮೇಲೆ ಒಂದು ಕಲೆ ಕಂಡರೆ ಮಾತ್ರ ಸೆರಗು ಎಳೆದುಕೊಳ್ಳುತ್ತೇವೆ. ಕಣ್ಣಿಗೆ ಕಾಣುವ ಬೇನೆಯನ್ನೇ ನಾವು ಹೆಚ್ಚು ಮುಚ್ಚಿಡುವುದು ವಿಚಿತ್ರವಲ್ಲವೆ? ಈ ಅಂಜಿಕೆಗೆ ಒಂದು ಇತಿಹಾಸವಿದೆ.

ಕುಷ್ಠದ ರೋಗಾಣುವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲಿ ಕಂಡುಹಿಡಿದರು. ಆದರೆ ಅದಾಗಿ ಕಾಲು ಶತಮಾನ ಕಳೆದ ಮೇಲೂ, 1898ರಲ್ಲಿ, ಬ್ರಿಟಿಷ್ ಸರಕಾರ ತಂದ ಕಾಯಿದೆ ಬಡ ಕುಷ್ಠರೋಗಿಗಳನ್ನು ಹಿಡಿದು ಆಶ್ರಮಗಳಲ್ಲಿ ಇಡಲು ಅವಕಾಶ ಕೊಟ್ಟಿತು. ಅದು ರದ್ದಾದದ್ದು 2016ರಲ್ಲಿ. ಗಂಡ ಹೆಂಡಿರಲ್ಲಿ ಒಬ್ಬರಿಗೆ ಕುಷ್ಠವಿದ್ದರೆ ವಿಚ್ಛೇದನ ಕೇಳಬಹುದೆಂಬ ಮಾತು 2019ರವರೆಗೂ ನಮ್ಮ ಕಾನೂನಿನಲ್ಲಿ ಉಳಿದಿತ್ತು. ಹಲವು ಔಷಧಿಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1982ರಲ್ಲೇ ಶಿಫಾರಸು ಮಾಡಿತ್ತು. ಈಗ 6 ಇಲ್ಲವೆ 12 ತಿಂಗಳಲ್ಲಿ ರೋಗ ವಾಸಿಯಾಗುತ್ತದೆ. ಗುಳಿಗೆ ಬಂದು 37 ವರ್ಷಗಳಾದ ಮೇಲೆ ಕಾನೂನು ಬದಲಾಯಿತು. ಜನರ ಮನಸ್ಸು ಇನ್ನೂ ಹಿಂದೆಯೇ ಇದೆ. ಮುಟ್ಟಿದರೆ ಹರಡದ ತೊನ್ನಿಗೂ ಅದೇ ಹೆದರಿಕೆ. ಮದುವೆಗೆ ಬಂದ ಮಗಳಿದ್ದರಂತೂ ತಾಯಿಯ ಎದೆ ಹೊಡೆದುಕೊಳ್ಳುತ್ತದೆ.

ತೊಟ್ಟಿಲಿಗೆ ಹೆಸರಾದ ನಮ್ಮ ಕಲಘಟಗಿಯಿಂದ ಹುಬ್ಬಳ್ಳಿ ದೂರವೇನಲ್ಲ. ಸುಮಾರು 30 ಕಿಲೋಮೀಟರ್. ಅಲ್ಲಿ 1957ರಲ್ಲಿ ವೈದ್ಯಕೀಯ ಕಾಲೇಜು ಶುರುವಾಯಿತು. ಆದರೆ ಹಳ್ಳಿಯಿಂದ ಹೋಗುವ ಹೆಣ್ಣುಮಗಳಿಗೆ ಒಂದು ದಿನದ ಕೂಲಿ ಹೋಗುತ್ತದೆ, ಜೊತೆಗೊಬ್ಬರು ಬೇಕು, ‘ಯಾಕ ಹೊಂಟಿ?’ ಎಂದವರಿಗೆಲ್ಲ ಉತ್ತರ ಕೊಡಬೇಕು. ಚರ್ಮದ ಬೇನೆ ಒಂದೇ ಸಲ ಹೋದರೆ ಮುಗಿಯುವುದೂ ಅಲ್ಲ. ಹೀಗಾಗಿ ಅಂಗಡಿಯ ಮುಲಾಮೇ ವೈದ್ಯನಾಗುತ್ತದೆ. ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಗಜಕರ್ಣದ ತುರಿಕೆ ಮೊದಲು ಇಳಿಯುತ್ತದೆ, ಬೇನೆ ಒಳಗೊಳಗೇ ಹಬ್ಬುತ್ತದೆ, ಅದರ ರೂಪವೂ ಬದಲಾಗುತ್ತದೆ.

ದೂರದ ವೈದ್ಯರನ್ನು ಹತ್ತಿರ ತರುವ ಪ್ರಯತ್ನ ನಮ್ಮ ರಾಜ್ಯದಲ್ಲಿ ಹೃದಯದಿಂದ ಆರಂಭವಾಯಿತು. 2002ರಲ್ಲಿ ಇಸ್ರೋದ ಉಪಗ್ರಹ ಸಂಪರ್ಕದ ಮೂಲಕ ಚಾಮರಾಜನಗರ ಮತ್ತು ಸರಗೂರಿನ ಆಸ್ಪತ್ರೆಗಳನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದರು. 2019ರಲ್ಲಿ ಕೇಂದ್ರ ಸರಕಾರದ ಇ-ಸಂಜೀವಿನಿ ಬಂತು: ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕುಳಿತೇ ದೂರದ ವೈದ್ಯರನ್ನು ಕೇಳಬಹುದು. ಮರುವರ್ಷ, ಕೊರೊನಾ ದಿನಗಳಲ್ಲಿ, ಮನೆಯಿಂದಲೂ ಕೇಳುವ ದಾರಿ ತೆರೆಯಿತು. ದೂರವೈದ್ಯಕ್ಕೆ ಚರ್ಮದ ಬೇನೆ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಒಳ್ಳೆಯ ಫೋಟೋ ಅರ್ಧ ಕಥೆ ಹೇಳುತ್ತದೆ. ಹಗಲು ಬೆಳಕಿನಲ್ಲಿ, ಕೈ ಅಲ್ಲಾಡಿಸದೆ, ದೂರದಿಂದ ಒಂದು, ಹತ್ತಿರದಿಂದ ಒಂದು ತೆಗೆಯಬೇಕು. ಎಷ್ಟು ದಿನವಾಯಿತು, ಮನೆಯಲ್ಲಿ ಬೇರೆಯವರಿಗೂ ತುರಿಕೆ ಇದೆಯೆ, ಈವರೆಗೆ ಯಾವ ಮುಲಾಮು ಹಚ್ಚಿದ್ದೀರಿ ಎಂಬುದನ್ನು ಮುಚ್ಚಿಡದೆ ಹೇಳಬೇಕು. ಮುಲಾಮಿನ ಕೊಳವೆಯನ್ನು ಕೈಯಲ್ಲೇ ಒಯ್ದರೆ ಇನ್ನೂ ಒಳಿತು.

ಉಳಿದರ್ಧ ಕಥೆ ಫೋಟೋಕ್ಕೆ ತಿಳಿಯದು. ಕುಷ್ಠದ ಕಲೆಯಲ್ಲಿ ಸ್ಪರ್ಶಜ್ಞಾನ ಕಡಿಮೆಯಾಗುತ್ತದೆ, ತೊನ್ನಿನಲ್ಲಿ ಹಾಗಾಗುವುದಿಲ್ಲ. ರೋಗಿಯ ಕಣ್ಣು ಮುಚ್ಚಿಸಿ, ಕಲೆಯನ್ನು ಮೆಲ್ಲಗೆ ಮುಟ್ಟಿ, ‘ಗೊತ್ತಾತೇನವ್ವಾ?’ ಎಂದು ಕೇಳುವವರು ಈ ಕಡೆ ಬೇಕೇ ಬೇಕು. ಆ ಕೆಲಸ ನಮ್ಮ ನರ್ಸಬಾಯಿಯದು. ಸಂಕೋಚದ ಜಾಗದ ಫೋಟೋ ತೆಗೆಯುವಾಗಲೂ ಆಕೆಯೇ ಇರಬೇಕು. ಅದು ಮೈದುನನ ಮೊಬೈಲಿನಲ್ಲಿ ಸುತ್ತಾಡುವಂತಾದರೆ ಯಾವ ಹೆಣ್ಣುಮಗಳೂ ಎರಡನೇ ಸಲ ಬರಲಾರಳು. ಫೋಟೋ ಯಾರಿಗೆ ಹೋಗುತ್ತದೆ ಎಂದು ಕೇಳುವ ಹಕ್ಕು, ಬೇಡವೆನ್ನುವ ಹಕ್ಕು ನಮಗಿದೆ.

ಮುವ್ವತ್ತು ಕಿಲೋಮೀಟರಿನಾಚೆಯ ತಜ್ಞರನ್ನು ಯಂತ್ರ ಹತ್ತಿರ ತಂದೀತು. ಸೆರಗು ಸರಿಸಿ ತೋರಿಸುವ ಧೈರ್ಯವನ್ನು ಮಾತ್ರ ಮನೆಯವರೇ ಕೊಡಬೇಕು. ಬಿರುಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಬಿಡದ ಹುಡುಗಿಯನ್ನು ನಾನು ತರಗತಿಯಲ್ಲಿ ಏನೂ ಕೇಳುವುದಿಲ್ಲ. ಶಾಲೆ ಬಿಟ್ಟ ಮೇಲೆ ಒಬ್ಬಳನ್ನೇ ಕರೆದು ಮಾತಾಡಿಸುತ್ತೇನೆ. ನಿಮ್ಮ ಮನೆಯ ಹುಡುಗಿಯನ್ನೂ ಹಾಗೆಯೇ ಮಾತಾಡಿಸಿ ನೋಡಿ.