ಸುಟ್ಟ ಕಾಡು, ಅವಸರದ ಕಾನೂನು

ಪಾಂಡೆರೋಸಾ ಪೈನ್ ಮರ ಕಾಡ್ಗಿಚ್ಚಿಗೆ ಸಿಕ್ಕಿ ಸತ್ತರೆ ಅದರ ಬೆಲೆ ಇಳಿಯಲು ಹೆಚ್ಚು ಕಾಲ ಬೇಕಿಲ್ಲ. ಮೊದಲ ಬೇಸಿಗೆಯಲ್ಲೇ ದುಂಬಿಗಳು ತೊಗಟೆ ಕೊರೆದು ಒಳನುಗ್ಗುತ್ತವೆ. ಅವುಗಳ ಮೈಗೆ ಅಂಟಿ ಬಂದ ಶಿಲೀಂಧ್ರ ಬಿಳಿಯ ಮರಕ್ಕೆ ನೀಲಿ ಬಣ್ಣ ಬರಿಸುತ್ತದೆ. ಬಿಸಿಲಿಗೆ ಕಾಂಡ ಸೀಳು ಬಿಡುತ್ತದೆ. ನೀಲಿಗಟ್ಟಿದ ದಿಮ್ಮಿಗೆ ಸಾಮಿಲ್ಲಿನವರು ಕೊಡುವ ದರವೇ ಬೇರೆ. ಡಗ್ಲಸ್ ಫರ್ ಸ್ವಲ್ಪ ಹೆಚ್ಚು ತಾಳುತ್ತದೆ, ಅಷ್ಟೆ. ಸುಟ್ಟ, ಗಾಳಿಗೆ ಉರುಳಿದ, ಕೀಟಕ್ಕೆ ಬಲಿಯಾದ ಮರಗಳನ್ನು ಕಡಿದು ಮಾರುವ ಕೆಲಸಕ್ಕೆ ಅಮೆರಿಕದಲ್ಲಿ ಸಾಲ್ವೇಜ್ ಲಾಗಿಂಗ್ ಎನ್ನುತ್ತಾರೆ. ಅಲ್ಲಿನ ಸಾರ್ವಜನಿಕ ಕಾಡುಗಳಲ್ಲಿ ಈ ಕೆಲಸದ ಸುತ್ತ ಐವತ್ತು ವರ್ಷಗಳಿಂದ ನಡೆದಿರುವ ಕಾನೂನು ಜಗಳವೆಲ್ಲ ಈ ಗಡುವಿನದೇ. ಪರಿಸರ ಪರಿಶೀಲನೆಗೆ ಕಾಲ ಬೇಕು, ಮರ ಕಾಯುವುದಿಲ್ಲ. ಇಕ್ಕಟ್ಟು ನಿಜವಾದದ್ದೇ. ಆದರೆ ಸರ್ಕಾರಗಳು ಹೆಚ್ಚಾಗಿ ಹಿಡಿದ ದಾರಿ ಒಂದೇ: ಪರಿಶೀಲನೆಯ ವಿನಾಯಿತಿಯನ್ನು ಇನ್ನಷ್ಟು ಹಿಗ್ಗಿಸುವುದು.

ಮೊದಲು ಈ ಪ್ರಶ್ನೆಯೇ ಇರಲಿಲ್ಲ. ಒರೆಗಾನ್ ರಾಜ್ಯದ ಟಿಲಮುಕ್ ಕಾಡು 1933ರಲ್ಲಿ ಸುಟ್ಟಿತು. ಆಮೇಲೆ ಆರಾರು ವರ್ಷಕ್ಕೊಮ್ಮೆ, 1939, 1945, 1951ರಲ್ಲಿ, ಮತ್ತೆ ಮತ್ತೆ ಹೊತ್ತಿಕೊಂಡಿತು. ಸತ್ತ ಮರ ಕಡಿದು ಸಾಗಿಸುವ ಕೆಲಸ ನಡೆದೇ ಇತ್ತು. ಅದರಿಂದ ಹೊಳೆಗೇನಾದೀತು, ಮಣ್ಣಿಗೇನಾದೀತು ಎಂದು ಮುಂಚಿತವಾಗಿ ಬರೆದಿಡಬೇಕು ಎನ್ನುವ ಕಾನೂನು ಆಗ ಇರಲಿಲ್ಲ.

ಅಂಥ ಕಾನೂನು ಬಂದದ್ದು 1970ರ ಜನವರಿ 1ರಂದು, ಅಧ್ಯಕ್ಷ ನಿಕ್ಸನ್ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಗೆ ಸಹಿ ಹಾಕಿದಾಗ. ಒಕ್ಕೂಟ ಸರ್ಕಾರದ ಯಾವುದೇ ಇಲಾಖೆ ದೊಡ್ಡ ಕೆಲಸಕ್ಕೆ ಕೈಹಾಕುವ ಮುನ್ನ ಅದರ ಪರಿಣಾಮವನ್ನು ಅಧ್ಯಯನ ಮಾಡಬೇಕು, ಬೇರೆ ದಾರಿಗಳಿವೆಯೇ ನೋಡಬೇಕು, ಜನರ ಮುಂದಿಡಬೇಕು. 1978ರ ನಿಯಮಗಳು ಇದಕ್ಕೆ ಮೂರು ಹಂತ ಕೊಟ್ಟವು: ಪೂರ್ಣ ಪರಿಸರ ಪರಿಣಾಮ ಹೇಳಿಕೆ, ಚಿಕ್ಕದಾದ ಪರಿಸರ ಮೌಲ್ಯಮಾಪನ, ಇವೆರಡೂ ಬೇಡವಾದ ಸಣ್ಣಪುಟ್ಟ ಕೆಲಸಗಳಿಗೆ ವರ್ಗೀಯ ವಿನಾಯಿತಿ. ಈ ಕಾಯ್ದೆ ಮರ ಕಡಿಯಬೇಡಿ ಎಂದು ಹೇಳುವುದಿಲ್ಲ. ನೋಡಿ ಕಡಿಯಿರಿ, ಎಲ್ಲರೆದುರು ಕಡಿಯಿರಿ ಎನ್ನುತ್ತದೆ. ಇದನ್ನು ಮರೆತವರೇ ಅದನ್ನು ಅಭಿವೃದ್ಧಿಯ ಅಡ್ಡಗಾಲು ಎಂದು ಬಯ್ಯುವುದು.

ಅದಕ್ಕೆ ಬಿದ್ದ ದೊಡ್ಡ ಪೆಟ್ಟು 1995ರದು. ಒಕ್ಲಹೋಮಾ ನಗರದ ಬಾಂಬ್ ಸ್ಫೋಟದ ಪರಿಹಾರಕ್ಕೆ ಹಣ ಒದಗಿಸುವ ಮಸೂದೆಯೊಳಗೆ ಸಂಸತ್ತು ಸುಟ್ಟ ಮರಗಳ ಮಾರಾಟದ ಒಂದು ಸೆಕ್ಷನ್ ಸೇರಿಸಿತು. ಮೊದಲ ರೂಪವನ್ನು ಅಧ್ಯಕ್ಷ ಕ್ಲಿಂಟನ್ ತಿರಸ್ಕರಿಸಿದರು, ಜುಲೈ 27ರಂದು ತಿದ್ದಿದ ರೂಪಕ್ಕೆ ಸಹಿ ಹಾಕಿದರು. ಇಲಾಖೆ ಯಾವ ಕಾಗದ ಸಿದ್ಧಪಡಿಸಿದರೂ ಪರಿಸರ ಕಾನೂನುಗಳೆಲ್ಲ ಪಾಲನೆಯಾದಂತೆಯೇ ಎಂದು ಆ ಸೆಕ್ಷನ್ ಮೊದಲೇ ಘೋಷಿಸಿಬಿಟ್ಟಿತ್ತು. ನ್ಯಾಯಾಲಯದ ಬಾಗಿಲನ್ನೂ ಬಹುಪಾಲು ಮುಚ್ಚಿತ್ತು. ಅದರಲ್ಲಿ ಸಾಲ್ವೇಜ್ ಮಾರಾಟದ ವ್ಯಾಖ್ಯೆ ಎಷ್ಟು ಸಡಿಲವಾಗಿತ್ತೆಂದರೆ ಸತ್ತ ಮರಗಳ ಜೊತೆಗಿನ ಹಸಿ ಮರಗಳಿಗೂ ಕೊಡಲಿ ತಲುಪಬಹುದಿತ್ತು. ಒರೆಗಾನ್‌ನ ವಾರ್ನರ್ ಕ್ರೀಕ್‌ನಲ್ಲಿ, 1991ರಲ್ಲಿ ಯಾರೋ ಬೇಕೆಂದೇ ಹಚ್ಚಿದ ಬೆಂಕಿಯಲ್ಲಿ ಸುಟ್ಟ, ಚುಕ್ಕೆಗೂಬೆಗಳ ನೆಲೆಯಾಗಿದ್ದ ಕಾಡಿನಲ್ಲಿ, ಜನ ರಸ್ತೆಗೆ ಅಡ್ಡಗಟ್ಟೆ ಕಟ್ಟಿ ಚಳಿಗಾಲವನ್ನೂ ಅಲ್ಲೇ ಕಳೆದರು. 1996ರಲ್ಲಿ ಆ ಮಾರಾಟ ರದ್ದಾಯಿತು. ಆ ವರ್ಷದ ಕೊನೆಗೆ ಸೆಕ್ಷನ್‌ನ ಅವಧಿಯೂ ಮುಗಿಯಿತು.

ಅದೇ 1995ರಲ್ಲಿ ರಾಬರ್ಟ್ ಬೆಶ್ಟಾ ಮತ್ತು ಸಂಗಡಿಗ ವಿಜ್ಞಾನಿಗಳು ಒಂದು ವರದಿ ಬರೆದು, ಸುಟ್ಟ ನೆಲ ಅತ್ಯಂತ ಸೂಕ್ಷ್ಮವಾದದ್ದು, ಕಡಿದಾದ ಇಳಿಜಾರಿನಲ್ಲಿ ಯಂತ್ರ ಓಡಿಸಿದರೆ ಗಾಯದ ಮೇಲೆ ಬರೆ ಎಳೆದಂತೆ ಎಂಬ ಅರ್ಥದ ಎಚ್ಚರಿಕೆ ಕೊಟ್ಟಿದ್ದರು. ಕರಿಬೆನ್ನಿನ ಮರಕುಟಿಗ ಸುಟ್ಟ ಕಾಡನ್ನೇ ಹುಡುಕಿಕೊಂಡು ಬರುತ್ತದೆ ಎಂಬುದೂ ಪಕ್ಷಿತಜ್ಞರ ಅಧ್ಯಯನಗಳಿಂದ ಸ್ಪಷ್ಟವಾಗುತ್ತ ಬಂತು. ಇದ್ದಲಾದ ಕಾಂಡದ ಮೇಲೆ ಕುಳಿತರೆ ಅದರ ಕಪ್ಪು ಬೆನ್ನು ಕಣ್ಣಿಗೇ ಬೀಳುವುದಿಲ್ಲ. ಮರದೊಳಗಿನ ದುಂಬಿಮರಿಗಳೇ ಅದರ ಊಟ. ಸಾಮಿಲ್ಲಿಗೆ ನಷ್ಟ ತರುವ ಹುಳುವೇ ಈ ಹಕ್ಕಿಯ ಬಾಳು. ಬೆಂಕಿಯಾದ ಮೊದಲ ಕೆಲವು ವರ್ಷಗಳೇ ಅದಕ್ಕೆ ಸುಗ್ಗಿ, ಲಾರಿಗಳು ಬರುವುದೂ ಆಗಲೇ.

2002ರಲ್ಲಿ ನೈಋತ್ಯ ಒರೆಗಾನ್‌ನ ಬಿಸ್ಕಿಟ್ ಬೆಂಕಿ ಸುಮಾರು 5 ಲಕ್ಷ ಎಕರೆಯನ್ನು ಆವರಿಸಿತು. ಅಲ್ಲಿ ಅಧ್ಯಯನ ಮಾಡಿದ ಡೇನಿಯಲ್ ಡೊನಾಟೊ ಆಗಿನ್ನೂ ವಿದ್ಯಾರ್ಥಿ. ತಾನಾಗಿಯೇ ಹುಟ್ಟಿದ ಸಸಿಗಳು ಹೆಕ್ಟೇರಿಗೆ 767ರಷ್ಟಿದ್ದವು, ಸುಟ್ಟ ಮರ ಕಡಿದ ಮೇಲೆ 224ಕ್ಕೆ ಇಳಿದವು, ನೆಲದ ಮೇಲೆ ಉಳಿದ ಸೊಪ್ಪುಸದೆಯಿಂದ ಮತ್ತೆ ಬೆಂಕಿಯ ಅಪಾಯವೂ ಹೆಚ್ಚಿತು ಎಂದು ಅವರ ತಂಡ 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆಯಿತು. ಅವರದೇ ವಿಶ್ವವಿದ್ಯಾಲಯದ ಕೆಲವು ಪ್ರಾಧ್ಯಾಪಕರು ಮುದ್ರಣ ತಡೆಯಿರಿ ಎಂದು ಪತ್ರಿಕೆಯನ್ನು ಕೇಳಿದರು. ಒಕ್ಕೂಟ ಸರ್ಕಾರದ ಭೂ ನಿರ್ವಹಣಾ ಬ್ಯೂರೋ ಅಧ್ಯಯನದ ಹಣವನ್ನು ಕೆಲಕಾಲ ತಡೆಹಿಡಿಯಿತು. ವಿಧಾನದ ಬಗ್ಗೆ ವಾದ ಇರಬಹುದು, ಇರಲಿ. ಆದರೆ ವಾದಕ್ಕೆ ಮೊದಲೇ ಬಾಯಿ ಮುಚ್ಚಿಸಹೊರಟಿದ್ದು ಕ್ಷಮಿಸುವಂಥದ್ದಲ್ಲ.

ಇತ್ತ ನಿಯಮಗಳು ಬೇರೆ ದಿಕ್ಕಿಗೆ ಸಾಗಿದ್ದವು. 2003ರ ಜುಲೈನಲ್ಲಿ, ರಾಷ್ಟ್ರೀಯ ಅರಣ್ಯಗಳನ್ನು ನೋಡಿಕೊಳ್ಳುವ ಫಾರೆಸ್ಟ್ ಸರ್ವಿಸ್ 250 ಎಕರೆವರೆಗಿನ ಸಾಲ್ವೇಜ್ ಕೆಲಸಕ್ಕೆ, ಅರ್ಧ ಮೈಲಿ ಮೀರದ ತಾತ್ಕಾಲಿಕ ರಸ್ತೆ ಸಮೇತ, ವರ್ಗೀಯ ವಿನಾಯಿತಿ ಕೊಟ್ಟಿತು. ಅಂಥ ಮಾರಾಟಗಳಿಗೆ ಸಾರ್ವಜನಿಕ ಅಭಿಪ್ರಾಯವೂ ಬೇಡ, ಮೇಲ್ಮನವಿಯೂ ಬೇಡ ಎಂದಾಯಿತು. ಕ್ಯಾಲಿಫೋರ್ನಿಯಾದ ಸಿಕ್ವೊಯಾ ಅರಣ್ಯದಲ್ಲಿ 238 ಎಕರೆಯ ಬರ್ನ್ಟ್ ರಿಡ್ಜ್ ಮಾರಾಟ ಈ ಗೆರೆಯೊಳಗೇ ಬಂತು. ಪರಿಸರ ಸಂಘಟನೆಗಳು ಕೋರ್ಟಿಗೆ ಹೋದವು. ಆ ಮಾರಾಟದ ವ್ಯಾಜ್ಯ ರಾಜಿಯಲ್ಲಿ ಮುಗಿದರೂ ನಿಯಮದ ವಿರುದ್ಧದ ಹೋರಾಟ ಸುಪ್ರೀಂ ಕೋರ್ಟ್ ಮುಟ್ಟಿತು. 2009ರ ಮಾರ್ಚ್‌ನಲ್ಲಿ ಐದು–ನಾಲ್ಕರ ಬಹುಮತದ ತೀರ್ಪನ್ನು ನ್ಯಾಯಮೂರ್ತಿ ಸ್ಕಾಲಿಯಾ ಬರೆದರು. ನಿಯಮ ಸರಿಯೋ ತಪ್ಪೋ ಎಂದು ತೀರ್ಪು ಹೇಳಲೇ ಇಲ್ಲ. ಇಂಥದೇ ಜಾಗಕ್ಕೆ ಹೋಗುವ ಇಂಥದೇ ಸದಸ್ಯನಿಗೆ ಹಾನಿ ಎದುರಿಗೇ ಇದೆ ಎಂದು ತೋರಿಸದ ಕಾರಣ ದಾವೆ ಹೂಡುವ ಹಕ್ಕೇ ಇಲ್ಲ ಎಂದಿತು. ಮಾರಾಟದ ಸುದ್ದಿಯನ್ನೇ ಜನರಿಗೆ ತಿಳಿಸಬೇಕಿಲ್ಲ ಎನ್ನುವ ನಿಯಮವನ್ನು ಪ್ರಶ್ನಿಸಲು, ಯಾವ ಮಾರಾಟದಿಂದ ಯಾರಿಗೆ ನಷ್ಟ ಎಂದು ಮೊದಲೇ ತೋರಿಸಬೇಕು! ಈ ಚರಿತ್ರೆಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ ತೀರ್ಪು ಇದು.

ಆಮೇಲೆ ವಿನಾಯಿತಿ ರಸ್ತೆಬದಿಗೂ ಬಂತು. ಸುಟ್ಟು ನಿಂತ ಮರ ದಾರಿಗೆ ಬಿದ್ದು ಜನ ಸಾಯುವ ಅಪಾಯವನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ 2018ರ ರಾಂಚ್ ಬೆಂಕಿಯ ನಂತರ ಮೆಂಡೊಸಿನೊ ಅರಣ್ಯದಲ್ಲಿ ರಸ್ತೆಯಿಂದ 200 ಅಡಿವರೆಗಿನ ಮರಗಳ ಮಾರಾಟವನ್ನು ‘ರಸ್ತೆ ದುರಸ್ತಿ’ ಎಂಬ ವಿನಾಯಿತಿಯಡಿ ತಂದರು. ದಾರಿಯನ್ನು ಮುಟ್ಟಲಾರದಷ್ಟು ದೂರದ ಮರ ಕಡಿಯುವುದು ದುರಸ್ತಿಯಾಗದು ಎಂದು ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ 2020ರಲ್ಲಿ ಹೇಳಿತು. ಅದೇ ವರ್ಷದ ಕೊನೆಗೆ ಭೂ ನಿರ್ವಹಣಾ ಬ್ಯೂರೋ ತನ್ನ 250 ಎಕರೆಯ ಮಿತಿಯನ್ನು, ದೊಡ್ಡ ಹಾನಿಯಾದಲ್ಲಿ, 3,000 ಎಕರೆಗೆ ಏರಿಸಿಕೊಂಡಿತು.

ಭಾರತದಲ್ಲಿ ಗೆರೆ ಬಿದ್ದದ್ದು ಬೇರೆ ಕಡೆ. ಅರಣ್ಯ ರಕ್ಷಣೆ ಕುರಿತ ಗೋದಾವರ್ಮನ್ ಪ್ರಕರಣದಲ್ಲಿ 2000ದ ಫೆಬ್ರುವರಿ 14ರಂದು ನಮ್ಮ ಸುಪ್ರೀಂ ಕೋರ್ಟ್ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಂದ ಸತ್ತ, ಸಾಯುತ್ತಿರುವ, ಗಾಳಿಗೆ ಬಿದ್ದ ಮರಗಳನ್ನು ತೆಗೆಯಬಾರದು ಎಂದಿತು. 2019ರಲ್ಲಿ ಬಂಡೀಪುರ ಹೊತ್ತಿ ಉರಿದಾಗ ಅಲ್ಲಿನ ಸುಟ್ಟ ಮರಗಳೂ ಇಂಥ ರಕ್ಷಣೆಯೊಳಗಿದ್ದವು. ಎಕರೆ ಲೆಕ್ಕದ ವಿನಾಯಿತಿಗಿಂತ ಇದು ಒರಟು ನಿಯಮ, ಆದರೆ ಅವಸರಕ್ಕೆ ಬಗ್ಗುವಂಥದ್ದಲ್ಲ.

ಅಮೆರಿಕದಲ್ಲಿ 2021ರ ಮೂಲಸೌಕರ್ಯ ಕಾಯ್ದೆ ಕೃಷಿ ಕಾರ್ಯದರ್ಶಿಗೆ ತುರ್ತು ಸ್ಥಿತಿ ಘೋಷಿಸುವ ಅಧಿಕಾರ ಕೊಟ್ಟಿತು. ಹಾಗೆ ಘೋಷಿಸಿದ ಕಡೆ ಎರಡೇ ಆಯ್ಕೆ ಪರಿಶೀಲಿಸಿದರೆ ಸಾಕು: ಮಾಡುವುದು, ಮಾಡದಿರುವುದು. ಆಡಳಿತಾತ್ಮಕ ಆಕ್ಷೇಪಣೆಗೆ ಅವಕಾಶವಿಲ್ಲ. 2025ರ ಏಪ್ರಿಲ್‌ನಲ್ಲಿ ಕಾರ್ಯದರ್ಶಿ ಬ್ರೂಕ್ ರೋಲಿನ್ಸ್ ಈ ಅಧಿಕಾರ ಬಳಸಿ 11 ಕೋಟಿ 26 ಲಕ್ಷ ಎಕರೆಗೂ ಹೆಚ್ಚು ಕಾಡನ್ನು, ಅಂದರೆ ರಾಷ್ಟ್ರೀಯ ಅರಣ್ಯಗಳ ಅರ್ಧಕ್ಕಿಂತ ಹೆಚ್ಚು ಭಾಗವನ್ನು, ತುರ್ತು ಸ್ಥಿತಿಯಡಿ ತಂದರು. 1978ರಿಂದ ಬಂದ ಸಾಮಾನ್ಯ ನಿಯಮಗಳೂ ಅದೇ ವರ್ಷ ರದ್ದಾದವು.

ಗಡುವಿನ ಇಕ್ಕಟ್ಟಿಗೆ ಬೇರೆ ಉತ್ತರವೂ ಇತ್ತು. 1994ರ ವಾಯವ್ಯ ಅರಣ್ಯ ಯೋಜನೆ ಬೆಂಕಿ ಬೀಳುವುದಕ್ಕೆ ಮೊದಲೇ ನಿರ್ಧರಿಸಿಟ್ಟಿತ್ತು: ಹಳೆಗಾಡಿನ ಮೀಸಲು ಪ್ರದೇಶಗಳಲ್ಲಿ ಹಾನಿ 10 ಎಕರೆ ಮೀರಿದ್ದರೆ, ಮರಗಳ ಮೇಲ್ಚಾವಣಿ ಶೇ 40ಕ್ಕಿಂತ ಕೆಳಗಿಳಿದಿದ್ದರೆ ಮಾತ್ರ ಸಾಲ್ವೇಜ್. ಇಂಥ ಚರ್ಚೆ ಹೊಗೆ ಇಲ್ಲದ ದಿನಗಳಲ್ಲಿ, ಎಲ್ಲರ ಮುಂದೆ ಆಗಬಲ್ಲದು. ಬೆಂಕಿ ಆರಿದ ಮೇಲೆ ಹೊಸದಾಗಿ ಜಗಳ ಶುರುಮಾಡಬೇಕಿಲ್ಲ. ಆ ಯೋಜನೆಯನ್ನೇ ತಿದ್ದುವ ಕರಡು 2024ರ ನವೆಂಬರ್‌ನಲ್ಲಿ ಹೊರಬಂದಿತು. ಕೊನೆಯ ರೂಪದಲ್ಲಿ ಸುಟ್ಟ ಕಾಡಿಗೆ ಏನು ಉಳಿಯುತ್ತದೆ ಎಂಬುದನ್ನು, ಮೀಸಲಿನ ಬೆಲೆ ಅರಿತ ಎಲ್ಲರೂ ಸಾಲು ಸಾಲಾಗಿ ಓದಬೇಕು.